ಕಾಸು ಮುಟ್ಟದ ಔಷಧಿ

ನಮ್ಮ ಕಡೆ ನಾಟಿ ಔಷಧಿ ಕೊಡುವವರಲ್ಲಿ ಒಂದು ಕಟ್ಟುಪಾಡು ಇದೆ. ಕೊಟ್ಟ ಸೊಪ್ಪಿಗೆ ಕಾಸು ಮುಟ್ಟುವಂತಿಲ್ಲ. ಮುಟ್ಟಿದರೆ ಕೈಗುಣ ಹೋಗುತ್ತದೆ ಅನ್ನುತ್ತಾರೆ. ಎಲೆ ಅಡಿಕೆ, ಒಂದು ತೆಂಗಿನಕಾಯಿ ಇಟ್ಟು ಕೈ ಮುಗಿದರೆ ಸಾಕು. ಬಾಗಿಲು ಬಾಗಿಲಿಗೂ ಬಿಲ್ಲು ಕಟ್ಟಿ ಬಂದವನ ಕಣ್ಣಿಗೆ ಇದು ಎಷ್ಟು ದೊಡ್ಡದಾಗಿ ಕಾಣುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ಇಲ್ಲಿ ನಾನು ಕೇಳುವ ಪ್ರಶ್ನೆ ಇಷ್ಟೇ: ಒಂದು ಪೈಸೆ ಆಸೆಯಿಲ್ಲದೆ, ಒಳ್ಳೆಯದಾಗಲಿ ಅಂತ ಕೊಟ್ಟ ಔಷಧಿಯಿಂದ ರೋಗಿಗೆ ಕೆಡುಕಾದರೆ, ಕೊಟ್ಟವನಿಗೆ ಹೊಣೆ ಇದೆಯೋ ಇಲ್ಲವೋ?

ಅವಲಪಲ್ಲಿಯವರಿಗೆ ಬೆಂಗಳೂರಿನ ದೊಡ್ಡಾಸ್ಪತ್ರೆಗಳು ಪರದೇಶವಲ್ಲ. ಹೊಸೂರಿನಲ್ಲಿ ಬಸ್ಸು ಹತ್ತಿದರೆ ಸುಮಾರು 40 ಕಿಲೋಮೀಟರ್. ಕ್ಯಾನ್ಸರಿಗೆ ಕಿದ್ವಾಯಿ, ತಲೆಗೆ ನಿಮ್ಹಾನ್ಸ್, ಎರಡೂ ನಮ್ಮ ಊರಿನ ಹೆಸರು ಹೊತ್ತ ಹೊಸೂರು ರಸ್ತೆಯಲ್ಲೇ ಇವೆ. ಇಲ್ಲಿನ ಹೆಚ್ಚಿನ ಹುಡುಗರು ಶಾಲೆಯಲ್ಲಿ ತಮಿಳು ಕಲಿತವರು. ಕನ್ನಡ ಬೋರ್ಡು ಓದಬಲ್ಲವನು ಅಂತ ಎಷ್ಟೋ ಮನೆಯವರು ನನ್ನನ್ನು ಜೊತೆಗೆ ಕರೆದುಕೊಂಡು ಹೋಗಿದ್ದಾರೆ. ಹಾಗೆ ಹೋಗುವಾಗ ಬಸ್ಸಿನಲ್ಲಿ ಒಂದಲ್ಲ ಒಂದು ಸಲ ಈ ಮಾತು ಬಂದೇ ಬರುತ್ತದೆ: "ಅಣ್ಣಾ, ಆ ಇಂಜೆಕ್ಷನ್ನೂ ಗಿಡದಿಂದ್ಲೇ ಮಾಡ್ತಾರಂತಲ್ಲ. ಹಂಗಾದ್ರೆ ಗಿಡಾನೇ ಅರೆದು ಕುಡಿದ್ರೆ ಆಗಲ್ವಾ?"

ಇದು ದಡ್ಡತನದ ಪ್ರಶ್ನೆಯಲ್ಲ. ಆದರೆ ಇದಕ್ಕೆ ಸರಿಯಾದ ಉತ್ತರ ಸಿಗದೆ ಹೋದರೆ ಏನಾಗುತ್ತದೆ ಅಂತ ನಮ್ಮ ಬೀದಿ ಕಂಡಿದೆ. ನಮ್ಮ ಬೀದಿಯ ಒಬ್ಬ ಅಕ್ಕನಿಗೆ ಎದೆಯಲ್ಲಿ ಅಡಿಕೆಯಷ್ಟು ಗಂಟು ಕಾಣಿಸಿತು. ನೋವಿರಲಿಲ್ಲ. ಎಲ್ಲರೂ ಗೌರವ ಕೊಡುವ ಒಬ್ಬ ಹಿರಿಯರು ಕಷಾಯ ಕೊಟ್ಟರು, ಪಥ್ಯ ಹೇಳಿದರು, ಎಂಟು ತಿಂಗಳು ಕಳೆಯಿತು. ಕಡೆಗೆ ಆಸ್ಪತ್ರೆಗೆ ಹೋದಾಗ ಅದು ಕಂಕುಳಿಗೂ ಇಳಿದಿತ್ತು, ಮೂಳೆಗೂ ಮುಟ್ಟಿತ್ತು. ಆ ಅಕ್ಕ ಈಗಿಲ್ಲ. ಸಾವಿನ ದಿನ ಆ ಹಿರಿಯರೂ ಬಂದು ಅತ್ತರು. ಆಮೇಲೆ ಯಾರೋ ಒಂದು ಮಾತು ಅಂದದ್ದಕ್ಕೆ ಹೇಳಿದರು: "ನಾನೇನು ಕಾಸು ಕೇಳಿದ್ನೇನಪ್ಪಾ? ದೇವರು ಮೆಚ್ಚೋ ಹಂಗೆ ಕೊಟ್ಟೆ." ಅದು ಸುಳ್ಳಲ್ಲ. ಅವರು ಕೇಳಿರಲಿಲ್ಲ. ನಾನು ತೂಗಿ ನೋಡಬೇಕೆಂದಿರುವುದು ಈ ಮಾತನ್ನೇ.

ಮೊದಲು ಬಸ್ಸಿನ ಪ್ರಶ್ನೆಗೆ ಬರುತ್ತೇನೆ. ನಮ್ಮ ಅಂಗಳದಲ್ಲಿ, ಸ್ಮಶಾನದ ಬೇಲಿಯಲ್ಲಿ ವರ್ಷವಿಡೀ ಹೂ ಬಿಡುವ ಗಿಡವೊಂದಿದೆ. ಕನ್ನಡದವರು ನಿತ್ಯಪುಷ್ಪ, ಕಾಶಿಕಣಗಲೆ ಅನ್ನುತ್ತಾರೆ, ತೆಲುಗಿನವರು ಬಿಳ್ಳ ಗನ್ನೇರು, ತಮಿಳಿನವರು ನಿತ್ಯಕಲ್ಯಾಣಿ. ಹುಟ್ಟೂರು ಮಡಗಾಸ್ಕರ್ ದ್ವೀಪ. ಎಷ್ಟೋ ದೇಶಗಳ ಹಳ್ಳಿಗಳಲ್ಲಿ ಇದರ ಎಲೆ ಕಾಯಿಸಿ ಸಕ್ಕರೆ ಕಾಯಿಲೆಗೆ ಕುಡಿಯುತ್ತಿದ್ದರು. 1952ರಲ್ಲಿ ಜಮೈಕಾದಿಂದ ಆ ಎಲೆ ಕೆನಡಾದ ರಾಬರ್ಟ್ ನೋಬಲ್ ಎಂಬ ವಿಜ್ಞಾನಿಯ ಕೈ ಸೇರಿತು. ಇಲಿಗಳಿಗೆ ಕೊಟ್ಟು ನೋಡಿದರು. ಸಕ್ಕರೆ ಇಳಿಯಲಿಲ್ಲ. ಬದಲಿಗೆ, ಎಲೆಯ ಸಾರವನ್ನು ಚುಚ್ಚಿದ ಇಲಿಗಳು ಸೋಂಕು ತಗುಲಿ ಸತ್ತವು. ಯಾಕೆ ಅಂತ ಹುಡುಕಿದಾಗ ರಕ್ತದ ಬಿಳಿ ಕಣಗಳು ಕುಸಿದಿದ್ದವು. ಬಿಳಿ ಕಣಗಳನ್ನು ಹೀಗೆ ಇಳಿಸುವ ವಸ್ತು ಬಿಳಿ ಕಣಗಳೇ ಹುಚ್ಚೆದ್ದು ಬೆಳೆಯುವ ರಕ್ತದ ಕ್ಯಾನ್ಸರಿಗೆ ಆದೀತೇ? ನೋಬಲ್ ಮತ್ತು ಚಾರ್ಲ್ಸ್ ಬಿಯರ್ 1958ರಲ್ಲಿ ವಿನ್‌ಬ್ಲಾಸ್ಟಿನ್ ಪ್ರಕಟಿಸಿದರು. ಅದರ ತಂಗಿಯಂಥ ವಿನ್‌ಕ್ರಿಸ್ಟಿನ್ 1963ರಲ್ಲಿ ಅಮೆರಿಕದಲ್ಲಿ ಔಷಧಿಯಾಗಿ ಒಪ್ಪಿಗೆ ಪಡೆಯಿತು. ಇವತ್ತಿಗೂ ಮಕ್ಕಳ ರಕ್ತದ ಕ್ಯಾನ್ಸರಿಗೆ ಅದು ಬೇಕು.

ಹಾಗಾದರೆ ಗಿಡ ಗೆದ್ದಿತಲ್ಲ ಅನ್ನಬಹುದು. ಲೆಕ್ಕ ನೋಡಿ. ಒಂದು ಗ್ರಾಂ ವಿನ್‌ಬ್ಲಾಸ್ಟಿನ್ ತೆಗೆಯಲು ಸುಮಾರು 500 ಕಿಲೋ ಒಣ ಎಲೆ ಬೇಕು. ವಿನ್‌ಕ್ರಿಸ್ಟಿನ್ ಅದಕ್ಕಿಂತಲೂ ವಿರಳ. ಆ ವಿನ್‌ಕ್ರಿಸ್ಟಿನ್ ಅನ್ನು ದೊಡ್ಡವರಿಗೆ ಸಾಮಾನ್ಯವಾಗಿ ಒಂದು ಸಲಕ್ಕೆ 2 ಮಿಲಿಗ್ರಾಂ ಮೀರಿಸುವುದಿಲ್ಲ. ಅಂದರೆ ಒಂದು ರಾಗಿ ಕಾಳಿನಷ್ಟೂ ತೂಕವಿಲ್ಲ. ಮೀರಿದರೆ ಕೈಕಾಲಿನ ನರ ಮರಗಟ್ಟುತ್ತದೆ. ಅದೇ 2 ಮಿಲಿಗ್ರಾಂ ರಕ್ತನಾಳಕ್ಕೆ ಹೋದರೆ ಔಷಧಿ. ಕೈತಪ್ಪಿ ಬೆನ್ನುಹುರಿಯ ನೀರಿಗೆ ಹೋದರೆ ಸಾವು. ಹೀಗೆ ಸತ್ತವರಿದ್ದಾರೆ, 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದಕ್ಕಾಗಿಯೇ ಎಚ್ಚರಿಕೆ ಹೊರಡಿಸಿತು. ಒಂದೇ ಹೂವಿನ ಒಂದೇ ಸತ್ವ, ಅಳತೆ ತಪ್ಪಿದರೂ ದಾರಿ ತಪ್ಪಿದರೂ ವಿಷ. ಹಿಡಿ ಸೊಪ್ಪು ಅರೆದವನಿಗೆ ಆ ಹಿಡಿಯಲ್ಲಿ ಎಷ್ಟಿದೆ ಅಂತ ತಿಳಿಯುವ ದಾರಿಯೇ ಇಲ್ಲ. 2022ರಲ್ಲಿ ವಿಜ್ಞಾನಿಗಳು ಈ ಗಿಡ ಮಾಡುವ ಕೆಲಸವನ್ನು ಯೀಸ್ಟಿಗೆ ಕಲಿಸಿ, ಅದರಿಂದ ಬಂದ ಎರಡು ತುಂಡುಗಳನ್ನು ಜೋಡಿಸಿ ವಿನ್‌ಬ್ಲಾಸ್ಟಿನ್ ಮಾಡಿದರು. ಔಷಧಿಗೆ ಬೇಕಾದದ್ದು ಎಲೆಯಲ್ಲ, ಎಲೆಯೊಳಗಿನ ಒಂದು ಅಣು ಅಂತ ಇದಕ್ಕಿಂತ ಚೆನ್ನಾಗಿ ತೋರಿಸುವುದು ಹೇಗೆ?

"ಸೊಪ್ಪು ತಾನೇ, ಗುಣ ಆಗದಿದ್ರೂ ಕೆಡುಕಂತೂ ಆಗಲ್ಲ" ಅನ್ನುವ ಇನ್ನೊಂದು ಸಮಾಧಾನವಿದೆ. ಫೋಲಿಕ್ ಆಮ್ಲ ಸೊಪ್ಪಿನಲ್ಲಿರುವ ಸತ್ವ. 1941ರಲ್ಲಿ ಪಾಲಕ್ ಸೊಪ್ಪಿನಿಂದಲೇ ಅದನ್ನು ಬೇರ್ಪಡಿಸಿದ್ದು. ಬಸುರಿಯರಿಗೆ ಇವತ್ತು ಮಾತ್ರೆಯಾಗಿ ಕೊಡುತ್ತಾರೆ. ಬಾಸ್ಟನ್ನಿನ ಡಾ. ಸಿಡ್ನಿ ಫಾರ್ಬರ್ ಈ ಒಳ್ಳೆಯ ಸತ್ವವನ್ನು ರಕ್ತದ ಕ್ಯಾನ್ಸರಿನ ಮಕ್ಕಳಿಗೆ ಕೊಟ್ಟರು. ರೋಗ ಇಳಿಯುವ ಬದಲು ವೇಗವಾಗಿ ಏರಿತು. ಅವರು ಅದನ್ನು ಮುಚ್ಚಿಡಲಿಲ್ಲ, ತಿರುಗಿಸಿ ಯೋಚಿಸಿದರು: ಈ ಸತ್ವ ರೋಗವನ್ನು ಬೆಳೆಸುವುದಾದರೆ, ಅದರಂತೆಯೇ ಕಾಣುವ ಸುಳ್ಳು ಸತ್ವ ಕೊಟ್ಟು ರೋಗವನ್ನು ಉಪವಾಸ ಕೆಡವಬಹುದಲ್ಲ? ಆ ಸುಳ್ಳು ಸತ್ವ ಮಾಡಿಕೊಟ್ಟ ತಂಡದ ಮುಖ್ಯಸ್ಥರು ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್, ನಮ್ಮ ತೆಲುಗು ನೆಂಟರ ಕಡೆಯವರು. 1948ರಲ್ಲಿ 16 ಮಕ್ಕಳಲ್ಲಿ 10 ಮಕ್ಕಳ ರೋಗ ಸ್ವಲ್ಪ ಕಾಲಕ್ಕಾದರೂ ತಗ್ಗಿತು. ಉಳಿದ ಆರನ್ನೂ ಫಾರ್ಬರ್ ಬರೆದರು. ತಗ್ಗಿದ್ದು ಸ್ವಲ್ಪ ಕಾಲಕ್ಕೆ ಮಾತ್ರ ಎಂಬುದನ್ನೂ ಬರೆದರು. ನನ್ನ ದೃಷ್ಟಿಯಲ್ಲಿ ವಿಜ್ಞಾನದ ನೀತಿ ಅನ್ನುವುದು ಇದೇ. ಗುಣವಾದವರ ಜೊತೆಗೆ ಗುಣವಾಗದವರನ್ನೂ ಎಣಿಸುವುದು.

ನಾಟಿ ವೈದ್ಯನಿಗೆ ಈ ಎಣಿಕೆ ಇಲ್ಲ. ಅವನು ಸುಳ್ಳು ಹೇಳುತ್ತಾನೆ ಅಂತಲ್ಲ. ಗುಣವಾದವರು ಹಣ್ಣು ಕಾಯಿ ಹಿಡಿದು ವಾಪಸು ಬರುತ್ತಾರೆ, ಸತ್ತವರು ಬರುವುದಿಲ್ಲ. ಅವನ ಕಣ್ಣಿಗೆ ಬೀಳುವುದೆಲ್ಲ ಗುಣವಾದವರೇ. ಕಾಮಾಲೆಗೆ ನೆಲನೆಲ್ಲಿ ಕೊಡುತ್ತಾರೆ, ಬಹುಪಾಲು ಜನ ಗುಣವಾಗುತ್ತಾರೆ. ಆದರೆ ನೀರಿನಿಂದ ಬರುವ ಕಾಮಾಲೆ ಬಹುಪಾಲು ಜನರಲ್ಲಿ ತಾನಾಗಿಯೇ ಇಳಿಯುವಂಥದ್ದು. ಹಾಗಂತ ನೆಲನೆಲ್ಲಿಯನ್ನು ಯಾರೂ ಪರೀಕ್ಷಿಸದೆ ತಳ್ಳಿಹಾಕಿಲ್ಲ. ಮದ್ರಾಸಿನ ಡಾ. ತ್ಯಾಗರಾಜನ್ ಮತ್ತು ನೊಬೆಲ್ ಪಡೆದ ಬ್ಲೂಂಬರ್ಗ್ ಸೇರಿ ಹೆಪಟೈಟಿಸ್ ಬಿ ಇದ್ದವರಿಗೆ ಅದನ್ನು ಕೊಟ್ಟು ನೋಡಿದರು. 1988ರಲ್ಲಿ ಬಂದ ವರದಿಯಂತೆ 37 ಜನರಲ್ಲಿ 22 ಜನರ ರಕ್ತದಿಂದ ವೈರಸ್ಸಿನ ಗುರುತು ಹೋಗಿತ್ತು. ಬರೀ ಹುಸಿ ಮಾತ್ರೆ ತೆಗೆದುಕೊಂಡ 23 ಜನರಲ್ಲಿ ಒಬ್ಬರಿಗೆ ಮಾತ್ರ. ಎಲ್ಲರಿಗೂ ಸಂತೋಷವಾಯಿತು. ಆಮೇಲೆ ಬೇರೆ ಕಡೆ ಮಾಡಿ ನೋಡಿದಾಗ ಆ ಫಲ ಸಿಗಲಿಲ್ಲ. ನಿರಾಸೆಯಾಯಿತು, ನಿಜ. ಆದರೆ ನಮ್ಮ ಗಿಡಕ್ಕೆ ಇದಕ್ಕಿಂತ ದೊಡ್ಡ ಮರ್ಯಾದೆ ಯಾವುದು? ನಿಜ ಹೇಳು ಅಂತ ಅದನ್ನು ಕೇಳಿದರು.

ಇನ್ನು ಕಾಸಿನ ಮಾತು. ಕಂಪನಿಗಳು ದುಡ್ಡಿಗಾಗಿ ಮಾಡುತ್ತವೆ, ಅದರಲ್ಲಿ ಅನುಮಾನವಿಲ್ಲ. ಇಮ್ಯಾಟಿನಿಬ್ ಅಂತ ಒಂದು ಮಾತ್ರೆ ಇದೆ. ಒಂದು ಬಗೆಯ ರಕ್ತದ ಕ್ಯಾನ್ಸರಿನಲ್ಲಿ ರೋಗ ನಡೆಸುವ ಒಂದೇ ಒಂದು ಪ್ರೋಟೀನಿನ ಕಿಂಡಿಗೆ ಬೀಗ ಹಾಕುವಂತೆ ರೂಪಿಸಿದ ಮಾತ್ರೆ, 2001ರಲ್ಲಿ ಬಂತು. ಕಂಪನಿಯ ಬೆಲೆ ತಿಂಗಳಿಗೆ ಲಕ್ಷ ರೂಪಾಯಿ ಮೀರಿತ್ತು. ಇಲ್ಲಿನ ತಯಾರಕರು ಅದರ ಹತ್ತನೇ ಒಂದು ಪಾಲಿಗೆ ಕೊಡುತ್ತಿದ್ದರು. 2013ರ ಏಪ್ರಿಲ್ 1ರಂದು ನಮ್ಮ ಸುಪ್ರೀಂ ಕೋರ್ಟು ನೊವಾರ್ಟಿಸ್ ಕಂಪನಿಗೆ ಪೇಟೆಂಟ್ ಕೊಡಲಾಗದು ಅಂತ ತೀರ್ಪು ಕೊಟ್ಟಿತು. ಆ ಜಗಳದಲ್ಲಿ ನಾನು ರೋಗಿಗಳ ಕಡೆ. ಆದರೆ ಗಮನಿಸಿ: ಬೆಲೆ ಅನ್ಯಾಯವೋ ಅಲ್ಲವೋ ಅನ್ನುವ ಜಗಳ ನಡೆದದ್ದೇ ಆ ಮಾತ್ರೆ ನಿಜವಾಗಿ ಜೀವ ಉಳಿಸುತ್ತದೆ ಅನ್ನುವುದಕ್ಕೆ. ದುಡ್ಡು ತೆಗೆದುಕೊಂಡದ್ದರಿಂದ ಔಷಧಿ ಸುಳ್ಳಾಗಲಿಲ್ಲ. ಹಾಗೆಯೇ ದುಡ್ಡು ತೆಗೆದುಕೊಳ್ಳದ್ದರಿಂದ ಕಷಾಯ ನಿಜವಾಗುವುದಿಲ್ಲ. ಕೊಡುವವನ ಮನಸ್ಸು ಶುದ್ಧವಾಗಿದೆ ಅನ್ನುವುದು ಅವನ ವಿಷಯ. ಕೊಟ್ಟದ್ದು ಕೆಲಸ ಮಾಡುತ್ತದೋ ಇಲ್ಲವೋ ಅನ್ನುವುದು ಔಷಧಿಯ ವಿಷಯ. ನಾವು ಮೊದಲನೆಯದನ್ನು ನೋಡಿ ಎರಡನೆಯದನ್ನು ನಂಬುತ್ತೇವೆ. 2018ರಲ್ಲಿ ಅಮೆರಿಕದಲ್ಲಿ, ಗುಣಪಡಿಸಬಹುದಾದ ಕ್ಯಾನ್ಸರಿದ್ದೂ ಬರೀ ಪರ್ಯಾಯ ಔಷಧಿ ಹಿಡಿದವರನ್ನು ಎಣಿಸಿದರು; ಅವರಲ್ಲಿ ಸಾವಿನ ಅಪಾಯ ಆಸ್ಪತ್ರೆಯ ಚಿಕಿತ್ಸೆ ಪಡೆದವರಿಗಿಂತ ಎರಡೂವರೆ ಪಟ್ಟು ಇತ್ತು. ಎದೆಯ ಕ್ಯಾನ್ಸರಿನಲ್ಲಿ ಐದು ಪಟ್ಟಿಗೂ ಹೆಚ್ಚು. ನಮ್ಮ ಬೀದಿಯ ಅಕ್ಕ ಆ ಲೆಕ್ಕದಲ್ಲಿಲ್ಲ, ಆದರೆ ಅವರ ಕಥೆ ಅದೇ.

ಆಸ್ಪತ್ರೆಯವರಿಗೂ ಎಲ್ಲವೂ ಗೊತ್ತಿದೆ ಅಂತ ನಾನು ಹೇಳುತ್ತಿಲ್ಲ. ಮೆದುಳಿನ ಗಡ್ಡೆಯ ಮುಂದೆ ಅವರೂ ತಲೆ ತಗ್ಗಿಸುತ್ತಾರೆ. ರಕ್ತಕ್ಕೂ ಮೆದುಳಿಗೂ ನಡುವೆ ಒಂದು ತಡೆ ಇದೆ. ನಿತ್ಯಪುಷ್ಪದ ಔಷಧಿಯೂ ಅದನ್ನು ದಾಟುವುದು ಬಲು ಕಷ್ಟ. ದಾಟಬಲ್ಲ ಟೆಮೊಜೊಲೊಮೈಡ್ ಅನ್ನುವ ಮಾತ್ರೆಯನ್ನು ಗ್ಲಿಯೋಬ್ಲಾಸ್ಟೋಮ ಎಂಬ ಕೆಟ್ಟ ಗಡ್ಡೆ ಇದ್ದ 573 ಜನರಲ್ಲಿ ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದರು. ಬರೀ ವಿಕಿರಣ ಪಡೆದವರಲ್ಲಿ ಅರ್ಧದಷ್ಟು ಜನ 12.1 ತಿಂಗಳು ಬದುಕಿದರು, ಮಾತ್ರೆಯೂ ಸೇರಿದವರಲ್ಲಿ 14.6 ತಿಂಗಳು. ಎರಡೂವರೆ ತಿಂಗಳು! ಅಷ್ಟೇ ಅಂತ ಅವರು ಬರೆದರು. "ಗುಣ ಆಗ್ತದೆ, ಧೈರ್ಯವಾಗಿರಿ" ಅನ್ನಲಿಲ್ಲ.

ಆ ಗಡ್ಡೆ ತೆಗೆಯುವ ಶಸ್ತ್ರಚಿಕಿತ್ಸೆಯಲ್ಲಿ ಇನ್ನೊಂದು ಪಾಠವಿದೆ. ಗಡ್ಡೆ ಮಾತಿನ ಜಾಗದ ಹತ್ತಿರ ಇದ್ದರೆ ರೋಗಿಯನ್ನು ಎಚ್ಚರವಾಗಿಟ್ಟೇ ಮೆದುಳು ಮುಟ್ಟುತ್ತಾರೆ. ಮೆದುಳಿಗೆ ನೋವಿಲ್ಲ. ಚಿತ್ರ ತೋರಿಸಿ ಹೆಸರು ಕೇಳುತ್ತಾರೆ. ಸಣ್ಣ ವಿದ್ಯುತ್ತು ಮುಟ್ಟಿಸಿದಾಗ ಹೆಸರು ತಪ್ಪಿದರೆ ಆ ಜಾಗ ಬಿಡುತ್ತಾರೆ, ಗಡ್ಡೆ ಸ್ವಲ್ಪ ಉಳಿದರೂ ಸರಿ. ಎರಡು ಭಾಷೆ ಬಲ್ಲವರಲ್ಲಿ ಕೆಲವು ಜಾಗ ಎರಡಕ್ಕೂ ಸೇರಿದ್ದು, ಕೆಲವು ಒಂದೊಂದಕ್ಕೆ ಮಾತ್ರ ಅಂತ ಕಂಡುಕೊಂಡಿದ್ದಾರೆ. ನಮ್ಮಂಥವರನ್ನು ನೆನೆದುಕೊಳ್ಳಿ. ಮನೆಯಲ್ಲಿ ಕನ್ನಡ, ಹೊಲದಲ್ಲಿ ತೆಲುಗು, ಹೊಸೂರು ಪೇಟೆಯಲ್ಲಿ ತಮಿಳು. ಯಾವ ಭಾಷೆಯಲ್ಲಿ ಕೇಳಬೇಕು? ಯಾವುದನ್ನು ಉಳಿಸಬೇಕು? ಅದನ್ನು ಹೇಳಬೇಕಾದವನು ರೋಗಿಯೇ. ಅದಕ್ಕೆ ಮೊದಲು ಡಾಕ್ಟರು ಕುಳಿತು ಅವನ ಜೊತೆ ಮಾತಾಡಲೇಬೇಕು.

ಈ ಕುಳಿತು ಮಾತಾಡುವ ಕೆಲಸ ಎಲ್ಲ ಕಡೆ ನಡೆಯುವುದಿಲ್ಲ, ಜನ ಸೊಪ್ಪಿನ ಕಡೆ ಹೋಗುವುದೂ ಅದಕ್ಕೇ. ಆ ಅಕ್ಕ ಮೊದಲು ಒಂದು ಕಡೆ ತೋರಿಸಿಕೊಂಡಿದ್ದರು. ಎರಡು ನಿಮಿಷ, ಇಂಗ್ಲಿಷಿನಲ್ಲಿ ಮೂರು ಸಾಲಿನ ಚೀಟಿ. ಏನು ರೋಗ, ಎಷ್ಟು ಬೇಗ ಬರಬೇಕು ಅಂತ ಅವರಿಗೆ ತಿಳಿಯುವಂತೆ ಯಾರೂ ಹೇಳಲಿಲ್ಲ. ಸೊಪ್ಪು ಕೊಟ್ಟ ಹಿರಿಯರು ಅರ್ಧ ದಿನ ಜಗಲಿಯ ಮೇಲೆ ಕೂತು ಕೇಳಿಸಿಕೊಂಡರು. ಹೊಣೆ ಹಂಚುವುದಾದರೆ ಆ ಚೀಟಿ ಬರೆದವರಿಗೂ ಒಂದು ಪಾಲಿದೆ.

ಈಗ ಪ್ರಶ್ನೆಗೆ ನನ್ನ ಉತ್ತರ. ಹೊಣೆ ಇದೆ. ಕಾಸು ಮುಟ್ಟದಿರುವುದು ಆಸೆ ಇಲ್ಲ ಅನ್ನುವುದಕ್ಕೆ ಸಾಕ್ಷಿ, ತಿಳಿವಳಿಕೆ ಇದೆ ಅನ್ನುವುದಕ್ಕಲ್ಲ. ಬಾವಿಯ ನೀರು ಪುಕ್ಕಟೆ ಕೊಟ್ಟೆ ಅಂದರೆ ಅದರಲ್ಲಿ ಏನು ಬಿದ್ದಿದೆ ಅಂತ ನೋಡುವ ಕೆಲಸ ತಪ್ಪುವುದಿಲ್ಲ. ಹಾಗಂತ ಆ ಹಿರಿಯರನ್ನು ಊರಿನಿಂದ ದೂರ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಅವರಲ್ಲಿರುವ ಕಾಳಜಿ ಇವತ್ತು ದುಡ್ಡು ಕೊಟ್ಟರೂ ಸಿಗುವುದಿಲ್ಲ. ಅವರಿಂದ ಮೂರು ಕೆಲಸ ಕೇಳೋಣ. ಗಂಟು, ವಾಸಿಯಾಗದ ಹುಣ್ಣು, ಕಾರಣವಿಲ್ಲದ ರಕ್ತ, ಬಿಡದ ತಲೆನೋವು ಕಂಡರೆ ಸೊಪ್ಪಿಗೆ ಮೊದಲು ಆಸ್ಪತ್ರೆಗೆ ಕಳಿಸುವುದು. ಆಸ್ಪತ್ರೆಯ ಔಷಧಿ ತೆಗೆದುಕೊಳ್ಳುತ್ತಿರುವವರಿಗೆ ಕಷಾಯ ಕೊಟ್ಟರೆ ಅದನ್ನು ಡಾಕ್ಟರಿಗೆ ಹೇಳಲು ಹೇಳುವುದು, ಯಾಕೆಂದರೆ ಒಂದು ಇನ್ನೊಂದನ್ನು ಕೆಡಿಸಬಹುದು. ಮೂರನೆಯದು, ಒಂದು ನೋಟ್‌ಬುಕ್ಕು ಇಡುವುದು: ಯಾರಿಗೆ, ಯಾವ ದಿನ, ಏನು ಕೊಟ್ಟೆ, ಒಂದು ವರ್ಷದ ಮೇಲೆ ಅವರು ಹೇಗಿದ್ದಾರೆ. ಸತ್ತವರ ಹೆಸರೂ ಅದರಲ್ಲಿರಬೇಕು. ಬರೆಯಲು ಬಾರದವರಿಗೆ ನಮ್ಮ ವಾಚನಾಲಯದ ಹುಡುಗರು ಬರೆದುಕೊಟ್ಟಾರು.

ಅಂಥ ಪುಸ್ತಕ ಇಟ್ಟ ದಿನ ನಾಟಿ ವೈದ್ಯನೂ ಡಾಕ್ಟರೂ ಒಂದೇ ಜಗಲಿಯಲ್ಲಿ ಕೂತು ಮಾತಾಡಬಹುದು. ಅಲ್ಲಿಯವರೆಗೆ, ಯಾರಾದರೂ ಕೈ ಹಿಡಿದು ಸೊಪ್ಪು ಕೊಟ್ಟರೆ ಕೈ ಮುಗಿಯೋಣ, ಮುಗಿದ ಕೈಯಲ್ಲೇ ಕೇಳೋಣ: "ಇದನ್ನ ತಿಂದು ಗುಣ ಆಗದೋರು ಎಷ್ಟು ಜನ ಅಣ್ಣಾ?"