ಕಾಯಕವೂ ಮುಂದಿನ ಫಲವೂ

ಫಲಾಪೇಕ್ಷೆಯಿಲ್ಲದೆ ಕಾಯಕವನ್ನು ಮಾಡಬೇಕೆಂಬುದು ಶರಣರ ಬೋಧೆ. ಇದನ್ನು ತಪ್ಪಾಗಿ ಗ್ರಹಿಸುವವರುಂಟು. ಫಲವನ್ನು ಬಯಸಬಾರದೆಂದ ಮೇಲೆ ಅದನ್ನು ಆಲೋಚಿಸುವುದಾದರೂ ಏತಕ್ಕೆ? ಶುದ್ಧ ಮನಸ್ಸಿನಿಂದ ಮಾಡಿದ ಕಾರ್ಯದ ಪರಿಣಾಮವು ಶಿವನಿಗೆ ಬಿಟ್ಟದ್ದಲ್ಲವೆ? ಎಂಬುದು ಅವರ ವಾದ. ಆದರೆ ತನಗೆ ಬರುವ ಫಲದಲ್ಲಿ ಆಸೆಯಿಲ್ಲದಿರುವುದು ಬೇರೆ. ಪರರಿಗೆ ತಗಲುವ ಫಲದಲ್ಲಿ ಎಚ್ಚರವಿಲ್ಲದಿರುವುದು ಬೇರೆ. ಮೊದಲನೆಯದು ವೈರಾಗ್ಯ, ಎರಡನೆಯದು ಕೇವಲ ಅಲಕ್ಷ್ಯ.

ಕೋಲಾರ ಸೀಮೆಯ ನಿದರ್ಶನವನ್ನು ನೋಡಬಹುದು. ವರ್ಷವಿಡೀ ಹರಿಯುವ ನದಿಯಿಲ್ಲದ ಆ ನಾಡಿನಲ್ಲಿ ಹಿಂದಿನವರು ಒಂದರ ಕೆಳಗೊಂದು ಕೆರೆಗಳನ್ನು ಕಟ್ಟಿದರು. ಮೇಲಿನ ಕೆರೆ ಕೋಡಿ ಹರಿದರೆ ಕೆಳಗಿನ ಕೆರೆ ತುಂಬುತ್ತಿತ್ತು. ಕೆರೆ ತುಂಬಿದರೆ ಸುತ್ತಲಿನ ಬಾವಿಗಳಲ್ಲಿ ನೀರೇರುತ್ತಿತ್ತು. ಕಳೆದ ಶತಮಾನದ ಉತ್ತರಾರ್ಧದಲ್ಲಿ ಕೊಳವೆಬಾವಿಗಳು ಬಂದವು. ಅದನ್ನು ತೋಡಿಸಿದ ಬೇಸಾಯಗಾರನು ದುಷ್ಟನಲ್ಲ. ಮಕ್ಕಳಿಗೆ ಅನ್ನ ಕಾಣಿಸಲೆಂದೇ ಸಾಲ ಮಾಡಿ ನೆಲವನ್ನು ಕೊರೆಸಿದನು. ಆದರೆ ಒಬ್ಬನ ಬಾವಿ ಆಳಕ್ಕಿಳಿದಂತೆ ನೆರೆಯವನ ಬಾವಿ ಬತ್ತಿತು. ಅವನು ಇನ್ನೂ ಆಳಕ್ಕೆ ಕೊರೆಸಿದನು. ಕೆರೆಯ ಹೂಳೆತ್ತುವ ಕಾಳಜಿಯೂ ಕುಂದಿತು. ಕೊನೆಗೆ 1,000 ಅಡಿಗೂ ಮಿಕ್ಕಿ ಕೊರೆಯಬೇಕಾಯಿತು. ಆಳದ ನೀರಿನಲ್ಲಿದ್ದ ಫ್ಲೋರೈಡು ಎಳೆಯರ ಹಲ್ಲನ್ನು ಕೆಡಿಸಿತು. 2018ರಿಂದ ಬೆಂಗಳೂರಿನ ಕೊಳಚೆನೀರನ್ನು ಸಂಸ್ಕರಿಸಿ ತಂದು ಅಲ್ಲಿಯ ಕೆರೆಗಳಿಗೆ ತುಂಬಿಸಬೇಕಾಗಿ ಬಂದಿದೆ. ಯಾರೊಬ್ಬರೂ ಕೇಡನ್ನು ಬಗೆಯಲಿಲ್ಲ, ಆದರೂ ಕೇಡಾಯಿತು. ಸದುದ್ದೇಶವೊಂದೇ ಸಾಲದೆಂಬುದಕ್ಕೆ ಇದೇ ಸಾಕ್ಷಿ.

12ನೆಯ ಶತಮಾನದಲ್ಲಿ ಶಿವಯೋಗಿ ಸಿದ್ಧರಾಮರು ಸೊನ್ನಲಿಗೆಯಲ್ಲಿ, ಎಂದರೆ ಇಂದಿನ ಸೊಲ್ಲಾಪುರದಲ್ಲಿ, ಕೆರೆಯನ್ನು ಕಟ್ಟಿಸಿದರು. ಕೆರೆ ಕಟ್ಟುವವನು ತನ್ನೊಬ್ಬನ ದಾಹಕ್ಕಾಗಿ ಅಗೆಯುವುದಿಲ್ಲ. ಇನ್ನೂ ಹುಟ್ಟದವನ ದಾಹವೂ ಅವನ ಅರಿವಿನಲ್ಲಿರುತ್ತದೆ. ದಾಸೋಹದ ಮರ್ಮವೂ ಇದೇ. ಪಂಕ್ತಿಯಲ್ಲಿ ಕುಳಿತವರಿಗೆ ಬಡಿಸಿದರೆ ಸಾಲದು. ತಡವಾಗಿ ಬರುವವನಿಗೂ ಅನ್ನವಿರಬೇಕು. ನಾಳಿನ ತಲೆಮಾರು ತಡವಾಗಿ ಬರುವ ಜಂಗಮವೇ ಸರಿ.

ಎಲ್ಲ ಪರಿಣಾಮಗಳನ್ನೂ ಮುಂಗಾಣುವ ಶಕ್ತಿ ಮನುಷ್ಯನಿಗಿಲ್ಲ, ನಿಜ. ಎಲ್ಲವನ್ನೂ ತಿಳಿದ ಮೇಲೆಯೇ ಮಾಡುವೆನೆಂದವನು ಏನನ್ನೂ ಮಾಡಲಾರನು. ಆದರೆ ಮೂರು ಪ್ರಶ್ನೆಗಳನ್ನು ಯಾವ ಗೃಹಸ್ಥನಾದರೂ ಕೇಳಿಕೊಳ್ಳಬಲ್ಲನು. ತಾನು ಮಾಡುವುದನ್ನು ಊರವರೆಲ್ಲರೂ ಮಾಡಿದರೆ ಏನಾದೀತು? ಇದರ ಬೆಲೆಯನ್ನು ತೆರುವವನು ತಾನೋ, ಮಾತಾಡಲಾರದ ಮತ್ತೊಬ್ಬನೋ? ತಪ್ಪಾದರೆ ತಿದ್ದಿಕೊಳ್ಳಲು ಎಡೆಯುಂಟೋ, ಇಲ್ಲವೋ? ಹೊಲವನ್ನು ಮಾರುವಾಗ, ಮಗಳ ಓದನ್ನು ನಿಲ್ಲಿಸುವಾಗ, ಮದುವೆಗೆ ಸಾಲವೆತ್ತುವಾಗ ಈ ಪ್ರಶ್ನೆಗಳಿಗೆ ಅರ್ಧ ಗಳಿಗೆ ಸಾಕು.

ದಯೆಯು ಕಣ್ಣಿಗೆ ಕಾಣುವವರಲ್ಲಿ ಮಾತ್ರ ನಿಂತರೆ ಅದು ಮೋಹಕ್ಕೆ ಹತ್ತಿರ. ಕಾಣದವರನ್ನೂ ಮುಟ್ಟಿದಾಗ ಅದು ಧರ್ಮ. ಮಾಡುವ ಮುನ್ನ ಮುಂದಿನವರನ್ನು ನೆನೆದು, ಮಾಡಿದ ಮೇಲೆ ತನ್ನ ಫಲವನ್ನು ಲಿಂಗಕ್ಕೆ ಅರ್ಪಿಸುವವನ ಕಾಯಕವೇ ನಿಜವಾದ ಕಾಯಕ.