ನೆಲದಡಿಯ ಪಟ್ಟಣದಲ್ಲಿ ಯಾರಿದ್ದಾರೆ?



ಪಾತಾಳಕ್ಕೆ ಇಳಿಯುವ ವೀರರ ಕಥೆ ನಮ್ಮ ಮಕ್ಕಳಿಗೆ ಹೊಸದೇನಲ್ಲ. ಮೊದಲು ಅಜ್ಜಿಯರು ಹೇಳುತ್ತಿದ್ದರು, ಆಮೇಲೆ ‘ಚಂದಮಾಮ’ ಹೇಳಿತು, ಈಗ ಕಂಪ್ಯೂಟರ್ ಮತ್ತು ಮೊಬೈಲಿನ ಆಟಗಳು ಹೇಳುತ್ತಿವೆ. 1974ರಲ್ಲಿ ಅಮೆರಿಕದಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವೊಂದು ಹೊರಬಂದಿತು. ನಾಲ್ಕೈದು ಜನ ಮೇಜಿನ ಸುತ್ತ ಕುಳಿತು, ನೀನು ಯೋಧ, ನಾನು ಮಾಂತ್ರಿಕ ಎಂದು ಪಾತ್ರ ಹಂಚಿಕೊಳ್ಳುತ್ತಾರೆ. ಕಲ್ಪನೆಯಲ್ಲಿಯೇ ನೆಲದಡಿಯ ಗುಹೆಗಳನ್ನು ಹೊಕ್ಕು, ಎದುರಾದ ವಿಚಿತ್ರ ಜೀವಿಗಳನ್ನು ಕೊಂದು, ನಿಧಿಯನ್ನು ಹೊತ್ತು ತರುತ್ತಾರೆ. ಇಂಥ ಆಟಗಳಲ್ಲಿ ಮತ್ತೆ ಮತ್ತೆ ಬರುವ ಜನಾಂಗಗಳಲ್ಲಿ ಇಲಿಮಾನವರೂ ಒಬ್ಬರು. ಅವರ ತಲೆ ಇಲಿಯದು, ನಿಲುವು ಮನುಷ್ಯನದು. ನಮ್ಮ ಊರಿನ ಕೆಳಗೆ ಅವರದೇ ಒಂದು ಊರು. ಅಲ್ಲಿ ಬೀದಿಗಳಿವೆ, ಸಂತೆಯಿದೆ, ರಾಜನಿದ್ದಾನೆ, ಸೆರೆಮನೆಯಿದೆ, ತೊಟ್ಟಿಲುಗಳೂ ಇವೆ.

ಈ ಕಥೆಯನ್ನು ಕೇಳಿದ ಜಾಣ ಮಗುವೊಂದು ಕೇಳಬಹುದು: ಅವರಿಗೂ ಮನೆ ಮಕ್ಕಳು ಇದ್ದಾರೆಂದ ಮೇಲೆ ಅವರನ್ನು ಕೊಲ್ಲುವುದು ಪಾಪವಲ್ಲವೇ? ಅವರಿಗೆ ಆತ್ಮವಿದೆಯೇ?

‘ಅದೆಲ್ಲಾ ಸುಳ್ಳು ಕಥೆ, ಹೋಗಿ ಓದಿಕೋ’ ಎಂದು ಬಾಯಿ ಮುಚ್ಚಿಸುವುದು ಸುಲಭ. ಇಲ್ಲದ ಇಲಿಮಾನವನನ್ನು ಆಟದಲ್ಲಿ ಕೊಂದರೆ ಯಾರೂ ಸಾಯುವುದಿಲ್ಲ, ಅದು ನಿಜ. ಆದರೆ ಮಗು ಕೇಳಿದ್ದು ಆಟದ ಬಗ್ಗೆ ಅಲ್ಲ. ಯಾರನ್ನು ಮನುಷ್ಯನೆಂದು ಒಪ್ಪಿಕೊಳ್ಳಬೇಕು ಎಂಬುದೇ ಅದರ ಪ್ರಶ್ನೆ. ಸಭೆಯ ದೊಡ್ಡ ದೊಡ್ಡ ಪಂಡಿತರೇ ಈ ಪ್ರಶ್ನೆಯನ್ನು ಗಂಭೀರವಾಗಿ ಕೈಗೆತ್ತಿಕೊಂಡಿದ್ದರು.

ಭೂಮಿಯ ಅಂಚಿನಲ್ಲಿ ಒಕ್ಕಣ್ಣಿನ ಜನ, ನಾಯಿಯ ತಲೆಯ ಜನ ಇದ್ದಾರೆಂದು ಪ್ರಾಚೀನ ಕಾಲದ ಬರಹಗಾರರು ನಂಬಿದ್ದರು. ಸಂತ ಅಗಸ್ಟೀನರು ‘ದೇವನಗರಿ’ ಎಂಬ ತಮ್ಮ ಮಹಾಗ್ರಂಥದ ಹದಿನಾರನೆಯ ಸಂಪುಟದಲ್ಲಿ ಇದನ್ನು ಚರ್ಚಿಸುತ್ತಾರೆ. ಆ ಕಥೆಗಳು ನಿಜವೋ ಸುಳ್ಳೋ ಎಂಬುದನ್ನು ಅವರು ತೀರ್ಮಾನಿಸಲಿಲ್ಲ. ಆದರೆ ಒಂದು ಮಾತನ್ನು ಖಚಿತವಾಗಿ ಹೇಳಿದರು. ವಿವೇಕವುಳ್ಳ, ಸಾಯುವ ಜೀವಿಯಾಗಿ ಹುಟ್ಟಿದವನು ಎಂಥ ರೂಪದವನೇ ಆಗಲಿ, ಯಾವ ಬಣ್ಣ, ಯಾವ ದನಿಯವನೇ ಆಗಲಿ, ಅವನು ಆದಾಮನ ಸಂತಾನವೇ.

ಮುಂದೆ ಒಂಬತ್ತನೆಯ ಶತಮಾನದಲ್ಲಿ ಉತ್ತರ ಯೂರೋಪಿಗೆ ಶುಭಸಂದೇಶ ಸಾರಲು ಹೊರಟಿದ್ದ ರಿಂಬರ್ಟ್ ಎಂಬ ಗುರುವಿಗೆ ಇದೇ ಸಂಶಯ ಬಂತು. ನಾಯಿತಲೆಯವರು ಎದುರಾದರೆ ಅವರನ್ನು ಮನುಷ್ಯರೆನ್ನಬೇಕೋ ಪ್ರಾಣಿಗಳೆನ್ನಬೇಕೋ? ಕೊರ್ಬಿ ಮಠದ ಸನ್ಯಾಸಿ ರತ್ರಾಮ್ನಸ್ ಅವರಿಗೆ ಪತ್ರ ಬರೆದು ಉತ್ತರಿಸಿದರು. ಅವರು ಊರು ಕಟ್ಟಿಕೊಂಡು, ಕಟ್ಟಳೆಗೆ ಒಳಪಟ್ಟು ಬಾಳುತ್ತಾರೆಂದು ಕೇಳುತ್ತೇವೆ. ಉತ್ತು ಬಿತ್ತುತ್ತಾರೆ, ಸಾಕುಪ್ರಾಣಿಗಳನ್ನು ಇಟ್ಟುಕೊಂಡಿದ್ದಾರೆ, ನಾಚಿಕೆಯಿಂದ ಮೈ ಮುಚ್ಚಿಕೊಳ್ಳುತ್ತಾರೆ. ಇದೆಲ್ಲ ವಿವೇಕವಿಲ್ಲದ ಪ್ರಾಣಿಯ ಕೆಲಸವಲ್ಲ. ಆದ್ದರಿಂದ ಅವರು ಮನುಷ್ಯರೇ ಎಂಬುದು ಆ ಪತ್ರದ ಸಾರಾಂಶ.

ಈ ಅಳತೆಗೋಲನ್ನು ನಮ್ಮ ಕಥೆಗೆ ಹಿಡಿದು ನೋಡಿರಿ. ಇಲಿ ಬಿಲ ತೋಡುತ್ತದೆ, ಪಟ್ಟಣ ಕಟ್ಟುವುದಿಲ್ಲ. ಪಟ್ಟಣವೆಂದರೆ ಕಟ್ಟಳೆ, ಮಾತು, ಕೊಟ್ಟ ವಚನ, ಸತ್ತವರ ನೆನಪು. ವೀರರು ನೆಲದಡಿಗೆ ಇಳಿದು ದೀಪ ಎತ್ತಿ ಹಿಡಿದಾಗ ಬೀದಿಗಳು ಕಂಡವು ಎಂದಾದರೆ, ಆ ಕ್ಷಣದಿಂದಲೇ ಅವರ ಕರ್ತವ್ಯ ಬದಲಾಯಿತು. ಮನುಷ್ಯರಿರುವ ಊರಿನಿಂದ ಹೊತ್ತು ತಂದದ್ದು ನಿಧಿಯಲ್ಲ, ಕಳವಿನ ಮಾಲು. ಇಲಿಮಾನವರು ಕ್ರೂರಿಗಳೇ ಆಗಿರಲಿ. ಕ್ರೂರಿಯಿಂದ ಆತ್ಮರಕ್ಷಣೆ ಮಾಡಿಕೊಳ್ಳುವ ಹಕ್ಕು ಎಲ್ಲರಿಗೂ ಉಂಟು, ಅವನ ತೊಟ್ಟಿಲಿಗೆ ಬೆಂಕಿ ಇಡುವ ಹಕ್ಕು ಯಾರಿಗೂ ಇಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ವಿವೇಕವನ್ನು ಪರೀಕ್ಷೆಯಂತೆ ಇಟ್ಟು, ಪಾಸಾದವನು ಮನುಷ್ಯ, ನಪಾಸಾದವನು ಅಲ್ಲ ಎಂದು ಯಾರೂ ತಿಳಿಯಬಾರದು. ಗರ್ಭದ ಶಿಶು ಊರು ಕಟ್ಟುವುದಿಲ್ಲ. ಮರೆವಿನ ಕಾಯಿಲೆಗೆ ಸಿಕ್ಕ ಅಜ್ಜನಿಗೆ ಸ್ವಂತ ಮಗನ ಹೆಸರೂ ನೆನಪಿರುವುದಿಲ್ಲ. ಅವರ ಘನತೆ ಇರುವುದು ಅವರು ಮಾಡುವ ಕೆಲಸದಲ್ಲಿ ಅಲ್ಲ, ದೇವರು ಅವರಿಗೆ ಕೊಟ್ಟ ಸ್ವಭಾವದಲ್ಲಿ. ಸಂಶಯ ಬಂದಾಗ ಬಾಗಿಲು ತೆರೆಯಲು ಈ ಅಳತೆಗೋಲು ಬೇಕು. ಬಾಗಿಲು ಮುಚ್ಚಲು ಅದನ್ನು ಬಳಸಬಾರದು.

ಬಾಗಿಲು ಮುಚ್ಚಿದ ಕಥೆಗಳೂ ಚರಿತ್ರೆಯಲ್ಲಿವೆ. 1511ರ ಆಗಮನ ಕಾಲದ ಒಂದು ಭಾನುವಾರ ಹಿಸ್ಪಾನಿಯೋಲ ದ್ವೀಪದಲ್ಲಿ ದೊಮಿನಿಕನ್ ಗುರು ಅಂತೋನಿಯೊ ಮೊಂತೆಸಿನೋಸ್ ಪ್ರಸಂಗಪೀಠ ಏರಿ, ಆ ನಾಡಿನ ಮೂಲನಿವಾಸಿಗಳು ಮನುಷ್ಯರಲ್ಲವೇ ಎಂದು ಸ್ಪೇನಿನ ಒಡೆಯರನ್ನು ಕೇಳಿದರು. ಕೇಳಿಸಿಕೊಂಡವರೆಲ್ಲರೂ ಕಥೋಲಿಕರೇ. ಅವರಿಗೆ ಸಿಟ್ಟು ಬಂತು, ಗುರುಗಳ ಬಾಯಿ ಮುಚ್ಚಿಸಲು ನೋಡಿದರು. ಆ ಜನ ನಿಜವಾದ ಮನುಷ್ಯರು, ಅವರ ಸ್ವಾತಂತ್ರ್ಯವನ್ನಾಗಲಿ ಆಸ್ತಿಯನ್ನಾಗಲಿ ಕಸಿಯಬಾರದು ಎಂದು ಮೂರನೆಯ ಪಾವುಲ ಜಗದ್ಗುರುಗಳು ಸಾರಿದ್ದು 1537ರಲ್ಲಿ. ಆಮೇಲೂ ಲೂಟಿ ನಿಲ್ಲಲಿಲ್ಲ. ಎದುರಿಗಿರುವವನು ಮನುಷ್ಯನೆಂದು ಒಪ್ಪಿದರೆ ತಮ್ಮ ಗಂಟು ಕಳೆದುಹೋಗುವುದೆಂದು ಲೂಟಿಗಾರರಿಗೆ ಗೊತ್ತಿತ್ತು.

ಇಪ್ಪತ್ತನೆಯ ಶತಮಾನದಲ್ಲಿ ಇದು ಇನ್ನೂ ಘೋರವಾಯಿತು. 1940ರಲ್ಲಿ ಹಿಟ್ಲರನ ಜರ್ಮನಿ ತಯಾರಿಸಿದ ಪ್ರಚಾರ ಚಿತ್ರವೊಂದು ಯೆಹೂದ್ಯರನ್ನು ಇಲಿಗಳ ಹಿಂಡಿಗೆ ಹೋಲಿಸಿ ತೋರಿಸಿತು. 1994ರಲ್ಲಿ ರುವಾಂಡ ದೇಶದ ರೇಡಿಯೋ ಟುಟ್ಸಿ ಜನರನ್ನು ‘ಜಿರಳೆಗಳು’ ಎಂದು ಕರೆಯಿತು. ಸುಮಾರು ನೂರು ದಿನಗಳಲ್ಲಿ ಲಕ್ಷಾಂತರ ಜನ ಹತರಾದರು. ಆಗ ರುವಾಂಡದ ಬಹುಪಾಲು ಜನ ಕ್ರೈಸ್ತರಾಗಿದ್ದರು, ಅವರಲ್ಲಿ ಹೆಚ್ಚಿನವರು ಕಥೋಲಿಕರಾಗಿದ್ದರು. ದೇವಾಲಯಗಳ ಒಳಗೇ ರಕ್ತ ಹರಿಯಿತು. ಕೊಂದವರೂ ಸತ್ತವರೂ ಒಂದೇ ಪರಮಪ್ರಸಾದವನ್ನು ಸ್ವೀಕರಿಸಿದವರಾಗಿದ್ದರು. 2017ರಲ್ಲಿ ಪೋಪ್ ಫ್ರಾನ್ಸಿಸ್ ಅವರು, ಆ ದಿನಗಳಲ್ಲಿ ಸಭೆಯೂ ಸಭೆಯ ಸದಸ್ಯರೂ ಮಾಡಿದ ಪಾಪಗಳಿಗಾಗಿ ದೇವರ ಕ್ಷಮೆ ಬೇಡಿದರು. ಮಚ್ಚು ಏಳುವ ಮೊದಲು ಆ ಒಂದು ಪದ ಜನರ ನಾಲಿಗೆಯ ಮೇಲೆ ಪಳಗಿತ್ತು ಎಂಬುದನ್ನು ನಾವು ಮರೆಯಬಾರದು.

ಅದೆಲ್ಲಾ ದೂರದ ದೇಶದ ಮಾತು ಎನ್ನುತ್ತೀರೇನೋ. ಹಾಗಾದರೆ ನಮ್ಮ ಹುಬ್ಬಳ್ಳಿ-ಧಾರವಾಡಕ್ಕೆ ಬರೋಣ.

ಇಲಿಯ ಭಯ ಏನೆಂದು ಈ ಊರುಗಳಿಗೆ ಗೊತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪ್ಲೇಗು ಬಂದಾಗ, ಮನೆಯಲ್ಲಿ ಇಲಿ ಸತ್ತು ಬಿದ್ದರೆ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. 1898ರಲ್ಲಿ ಹುಬ್ಬಳ್ಳಿಯಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನರಿಗೆ ಹಾಫ್‌ಕಿನ್ ಅವರ ಲಸಿಕೆ ಹಾಕಲಾಯಿತು. ಇಲಿಯ ಮೈಮೇಲಿನ ಚಿಗಟದಿಂದ ರೋಗ ಹರಡುತ್ತದೆಂದು ವೈದ್ಯ ಪಾಲ್ ಲೂಯಿ ಸಿಮೋಂ ಕರಾಚಿಯಲ್ಲಿ ಕಂಡುಹಿಡಿದದ್ದೂ ಅದೇ ವರ್ಷ. ಆದ್ದರಿಂದ ಇಲಿಯನ್ನು ದೂರ ಇಡುವುದು ತಪ್ಪಲ್ಲ. ಕೊಳೆಯನ್ನು ದೂರ ಇಡುವುದೂ ತಪ್ಪಲ್ಲ. ಕೊಳೆಯ ಮೇಲಿನ ಹೇಸಿಗೆಯನ್ನು ಆ ಕೊಳೆಯನ್ನು ತೆಗೆಯುವ ಮನುಷ್ಯನ ಮೇಲೆ ಹೊರಿಸಿದಾಗ ಪಾಪ ಪ್ರಾರಂಭವಾಗುತ್ತದೆ.

ನಮ್ಮ ಊರಿನ ಕೆಳಗೂ ಒಂದು ಊರಿದೆ. ಅದೇ ಒಳಚರಂಡಿ. ಪ್ರತಿ ಮನೆಯ ಹೊಲಸು ಅಲ್ಲಿಗೆ ಹೋಗುತ್ತದೆ. ಅದು ಕಟ್ಟಿಕೊಂಡಾಗ ಮುಚ್ಚಳ ತೆಗೆದು ಯಾರೋ ಒಬ್ಬ ಕೆಳಗೆ ಇಳಿಯಬೇಕೆಂದು ಈ ದೇಶ ಬಹುಕಾಲ ನಂಬಿತು. ಆ ಯಾರೋ ಒಬ್ಬ ಯಾವ ಕೇರಿಯವನೆಂದು ನಿಮಗೂ ಗೊತ್ತು, ನನಗೂ ಗೊತ್ತು. ಕಥೆಯಲ್ಲಿ ಇಲಿಮಾನವರು ನೆಲದಡಿಯಲ್ಲಿ ಹುಟ್ಟುತ್ತಾರೆ. ನಾವು ಮನುಷ್ಯರನ್ನೇ ನೆಲದಡಿಗೆ ಇಳಿಸಿ, ಅವರು ಮೇಲೆ ಬಂದಾಗ ಮೂಗು ಮುಚ್ಚಿಕೊಳ್ಳುತ್ತೇವೆ.

ಇದಕ್ಕೆ ಅಜ್ಞಾನದ ನೆಪ ಹೇಳುವಂತಿಲ್ಲ. ನಮ್ಮ ಕಡೆಯ ಹಿರಿಯರಿಗೆ ಹಗೇವು ಗೊತ್ತು. ನೆಲದಲ್ಲಿ ತೋಡಿದ ಆ ಕಣಜದಲ್ಲಿ ಜೋಳ ತುಂಬಿ ಬಾಯಿ ಮುಚ್ಚುತ್ತಿದ್ದರು. ತೆರೆದ ಕೂಡಲೇ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ, ಕೆಟ್ಟ ಗಾಳಿ ಹೋಗುವ ತನಕ ಕಾಯುತ್ತಿದ್ದರು. ಜೋಳಕ್ಕಾಗಿ ಇಳಿಯುವವನ ಜೀವದ ಮೇಲೆ ಇದ್ದ ಕಾಳಜಿ, ಹೊಲಸಿಗಾಗಿ ಇಳಿಯುವವನ ಜೀವದ ಮೇಲೆ ಏಕಿಲ್ಲ? ಮ್ಯಾನ್‌ಹೋಲಿನ ಗಾಳಿ ಹಗೇವಿನ ಗಾಳಿಗಿಂತ ಘೋರವಾದದ್ದು. ಅಲ್ಲಿನ ಹೈಡ್ರೋಜನ್ ಸಲ್ಫೈಡ್ ಅನಿಲ ಕೊಳೆತ ಮೊಟ್ಟೆಯಂತೆ ನಾರುತ್ತದೆ. ಅದು ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ. ವಾಸನೆ ಹೋಯಿತು, ಅಪಾಯ ಇಲ್ಲ ಎಂದುಕೊಂಡವನು ಅಲ್ಲೇ ಕುಸಿಯುತ್ತಾನೆ. ಅವನನ್ನು ಎತ್ತಲು ಇಳಿದ ಜೊತೆಗಾರನೂ ಸಾಯುತ್ತಾನೆ.

ಕಾನೂನು ಏನೋ ಬಂದಿದೆ. 1993ರಲ್ಲಿ ಒಂದು, 2013ರಲ್ಲಿ ಇನ್ನೂ ಕಟ್ಟುನಿಟ್ಟಾದ ಇನ್ನೊಂದು. ರಕ್ಷಣಾ ಸಾಧನಗಳಿಲ್ಲದೆ ಒಳಚರಂಡಿಗೆ ಅಥವಾ ಸೆಪ್ಟಿಕ್ ಟ್ಯಾಂಕಿಗೆ ಮನುಷ್ಯನನ್ನು ಇಳಿಸುವುದು ಇಂದು ಅಪರಾಧ. ಆ ನಿಷೇಧ ನಗರಸಭೆಗೆ ಮಾತ್ರವಲ್ಲ, ಮನೆಯ ಯಜಮಾನನಿಗೂ ಅನ್ವಯಿಸುತ್ತದೆ. 1993ರಿಂದ ಈಚೆಗೆ ಒಳಚರಂಡಿಯಲ್ಲಿ ಸತ್ತವರ ಕುಟುಂಬಗಳಿಗೆ 10 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು 2014ರಲ್ಲಿ ಆಜ್ಞಾಪಿಸಿತು. 2023ರಲ್ಲಿ ಆ ಮೊತ್ತವನ್ನು 30 ಲಕ್ಷಕ್ಕೆ ಏರಿಸಿತು. ಸಾವು ನಿಂತಿದ್ದರೆ ಮೊತ್ತವನ್ನು ಏರಿಸುವ ಪ್ರಮೇಯವೇ ಬರುತ್ತಿರಲಿಲ್ಲ.

1997ರವರೆಗೆ ನಮ್ಮ ಧಾರವಾಡ ಜಿಲ್ಲೆಯಲ್ಲೇ ಇದ್ದ ಸವಣೂರಿನಲ್ಲಿ 2010ರ ಜುಲೈ ತಿಂಗಳಲ್ಲಿ ನಡೆದದ್ದು ಹಲವರಿಗೆ ನೆನಪಿರಬಹುದು. ತಲೆಮಾರುಗಳಿಂದ ಊರಿನ ಮಲ ಹೊತ್ತ ಕುಟುಂಬಗಳನ್ನು ಅವರಿದ್ದ ಜಾಗದಿಂದ ಎಬ್ಬಿಸುವ ಪ್ರಯತ್ನ ನಡೆದಾಗ, ಅವರಲ್ಲಿ ಕೆಲವರು ಹಾಡಹಗಲಲ್ಲಿ ತಮ್ಮ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ಅಷ್ಟು ವರ್ಷ ಯಾರೂ ಅವರನ್ನು ಕಣ್ಣೆತ್ತಿ ನೋಡಿರಲಿಲ್ಲ. ಅಂದು ನಾಡೆಲ್ಲ ನೋಡಿತು. ನಾವೂ ನಿಮ್ಮಂತೆಯೇ ಮನುಷ್ಯರು ಎಂದು ಹೇಳಲು ಒಬ್ಬ ಮನುಷ್ಯ ಇಷ್ಟು ಬೆಲೆ ತೆರಬೇಕಾಗಿ ಬಂತಲ್ಲ, ಅದು ಅವರಿಗಲ್ಲ, ನಮಗೆ ನಾಚಿಕೆಗೇಡು.

ಕುವೆಂಪು ಅವರ ಕಿಂದರಿಜೋಗಿಯ ಕಥೆಯನ್ನು ನಾವೆಲ್ಲರೂ ಶಾಲೆಯಲ್ಲಿ ಓದಿದವರೇ. ಊರಿನ ಇಲಿಗಳನ್ನು ತೊಲಗಿಸಿದವನಿಗೆ ಊರಿನವರು ಮಾತು ಕೊಟ್ಟಿದ್ದ ಕೂಲಿ ಕೊಡಲಿಲ್ಲ. ಇಲಿ ಹೋದ ಮೇಲೆ ಅವನ ಹಂಗೇನು ಎಂದುಕೊಂಡರು. ಆಮೇಲೆ ಅವರು ಕಳೆದುಕೊಂಡದ್ದು ತಮ್ಮ ಮಕ್ಕಳನ್ನು. ಊರನ್ನು ಚೊಕ್ಕಟವಾಗಿಡುವವನಿಗೆ ಮೋಸಮಾಡುವ ಊರಿನಲ್ಲಿ ಮಕ್ಕಳು ಏನನ್ನು ಕಲಿತು ಬೆಳೆಯುತ್ತಾರೆ ಎಂದು ತಂದೆತಾಯಿಗಳು ಯೋಚಿಸಬೇಕು.

‘ಅವರು ದುಡ್ಡಿಗಾಗಿ ತಾವೇ ಒಪ್ಪಿ ಇಳಿಯುತ್ತಾರೆ, ಫಾದರ್’ ಎಂದು ಕೆಲವರು ವಾದಿಸುತ್ತಾರೆ. ಒಲೆ ಹೊತ್ತದ ಮನೆಯವನು ಕೊಡುವ ಒಪ್ಪಿಗೆ ಎಂಥ ಒಪ್ಪಿಗೆ? ನಿಮ್ಮ ಮಗ ಅಷ್ಟೇ ದುಡ್ಡಿಗೆ ಒಪ್ಪಿದರೆ ನೀವು ಇಳಿಸುತ್ತೀರಾ? ಇಳಿಸುವುದಿಲ್ಲ ಎಂದಾದರೆ, ಅವನ ಒಪ್ಪಿಗೆ ಒಂದು ನೆಪ ಮಾತ್ರ.

ಹಾಗಾದರೆ ಕುಟುಂಬದಲ್ಲಿ ನಾವು ಏನು ಮಾಡಬಹುದು? ದೊಡ್ಡ ಮಾತುಗಳು ಬೇಡ. ಸೆಪ್ಟಿಕ್ ಟ್ಯಾಂಕ್ ತುಂಬಿದರೆ ಹೀರುವ ಯಂತ್ರದ ಗಾಡಿಯನ್ನೇ ಕರೆಸಿರಿ. ಸ್ವಲ್ಪ ಹೆಚ್ಚು ಖರ್ಚಾದರೂ, ತಡವಾದರೂ, ಮನುಷ್ಯನನ್ನು ಇಳಿಸಬೇಡಿರಿ. ಬೀದಿ ಗುಡಿಸುವ ತಾಯಿಯ ಹೆಸರು ಕೇಳಿ ತಿಳಿದುಕೊಳ್ಳಿರಿ, ಮಕ್ಕಳು ಅವರನ್ನು ‘ಅಕ್ಕಾ’ ಎನ್ನಲಿ. ನೀರು ಕೇಳಿದರೆ ನೀವು ಕುಡಿಯುವ ಲೋಟದಲ್ಲೇ ಕೊಡಿರಿ. ಸಿಟ್ಟಿನಲ್ಲಿಯೂ ಯಾವ ಜಾತಿಯನ್ನಾಗಲಿ ಮತವನ್ನಾಗಲಿ ಹುಳು, ಇಲಿ, ಜಿರಳೆ ಎಂದು ಮನೆಯಲ್ಲಿ ಆಡಬೇಡಿರಿ, ಮಕ್ಕಳ ಕಿವಿ ತೆರೆದೇ ಇರುತ್ತದೆ. ನಮ್ಮ ಧರ್ಮಕೇಂದ್ರಗಳಲ್ಲೂ ಹಬ್ಬದ ಊಟದ ಪಂಕ್ತಿಯಲ್ಲಿ ಯಾರು ಕೊನೆಗೆ ಕೂರುತ್ತಾರೆ ಎಂದು ಒಮ್ಮೆ ಕಣ್ಣುಬಿಟ್ಟು ನೋಡೋಣ.

ಜಪಸರ ಹಿಡಿದಾಗಲೆಲ್ಲ ನಾವು ಮೊದಲು ಹೇಳುವುದು ಪ್ರೇಷಿತರ ವಿಶ್ವಾಸ ಸಂಗ್ರಹ. ಯೇಸುಸ್ವಾಮಿ ಪಾತಾಳಕ್ಕೆ ಇಳಿದರೆಂದು ಅದರಲ್ಲಿ ಒಪ್ಪಿಕೊಳ್ಳುತ್ತೇವೆ. ಪೂರ್ವ ದೇಶಗಳ ಸಭೆಗಳು ಇದನ್ನು ಚಿತ್ರವಾಗಿ ಬರೆಯುತ್ತವೆ. ಮುರಿದ ಕದಗಳ ಮೇಲೆ ನಿಂತ ಪ್ರಭು, ಒಂದು ಕೈಯಿಂದ ಆದಾಮನನ್ನೂ ಇನ್ನೊಂದು ಕೈಯಿಂದ ಏವಳನ್ನೂ ಮಣಿಕಟ್ಟು ಹಿಡಿದು ಮೇಲಕ್ಕೆ ಎಳೆಯುತ್ತಿರುವ ಚಿತ್ರ ಅದು. ಅವರು ನಿಧಿಗಾಗಿ ಇಳಿಯಲಿಲ್ಲ. ಕೆಳಗಿದ್ದವರೇ ಅವರಿಗೆ ನಿಧಿಯಾಗಿದ್ದರು.

ಈ ವಾರ ನಿಮ್ಮ ಬೀದಿಯಲ್ಲಿ ಮ್ಯಾನ್‌ಹೋಲಿನ ಮುಚ್ಚಳ ತೆರೆದಿದ್ದು ಕಂಡರೆ, ಮೂಗು ಮುಚ್ಚಿಕೊಂಡು ದಾಟಿ ಹೋಗಬೇಡಿರಿ. ನಿಂತು, ಒಳಗೆ ಯಾರಾದರೂ ಇಳಿದಿದ್ದಾರೆಯೇ ಎಂದು ಕೇಳಿರಿ. ಇಳಿದಿದ್ದರೆ ಅವರು ಮೇಲೆ ಬರುವ ತನಕ ಅಲ್ಲಿಂದ ಕದಲಬೇಡಿರಿ. ಇಳಿಸಿದ್ದು ಯಾರೆಂದು ಅಲ್ಲಿಯೇ ವಿಚಾರಿಸಿರಿ.