ಬಿಟ್ಟರೆ ಮುಗಿಯಿತೇ?

ಕೊಡಗಿನ ವಾಲ್ನೂರಿನ ಬಳಿ ಕಾವೇರಿಯಲ್ಲಿ ಗಾಳ ಹಾಕುವ ನಾನು, ಹಿಡಿದ ಮೀನನ್ನೆಲ್ಲ ಹೊಳೆಗೇ ಬಿಡುತ್ತೇನೆ. ಕೊಕ್ಕೆಯ ಹಿಮ್ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಮಟ್ಟ ಮಾಡಿದ ಮೇಲೆಯೇ ಅದಕ್ಕೆ ರಾಗಿ ಹಿಟ್ಟಿನ ಉಂಡೆ ಮೆತ್ತುವುದು. ಆದರೂ ಇದು ಅಹಿಂಸೆಯೇ?

ಹೊಟ್ಟೆಪಾಡಿಗೆ ಬಲೆ ಬೀಸುವವನಿಗೆ ಹಸಿವಿನ ಕಾರಣವಿದೆ, ನನಗಿರುವುದು ಖುಷಿಯೊಂದೇ. ಶೃಂಗೇರಿಯಲ್ಲಿ ತುಂಗೆಯ ಮೀನುಗಳಿಗೆ ಮಂಡಕ್ಕಿ ಹಾಕುವ ಭಕ್ತರು ಯಾವ ಬಾಯನ್ನೂ ಚುಚ್ಚದೆ ಅಷ್ಟೇ ಖುಷಿಪಡುತ್ತಾರೆ. ನಾನೇ ಕೊಟ್ಟ ನೋವನ್ನು ನಾನೇ ನಿಲ್ಲಿಸಿದರೆ ಅದು ದಯೆಯಾಗದು, ಸಾಲ ತೀರಿಸುವ ಮೊದಲ ಕಂತು ಅಷ್ಟೆ.

ಕಾವೇರಿಯ ಗೂನುಬೆನ್ನಿನ ಮಹಸೀರ್ ಮೀನು 2018ರಿಂದ ಜಾಗತಿಕ ಪ್ರಕೃತಿ ಸಂರಕ್ಷಣಾ ಒಕ್ಕೂಟವಾದ ಐಯುಸಿಎನ್‌ನ ತೀವ್ರ ಅಳಿವಿನಂಚಿನ ಪಟ್ಟಿಯಲ್ಲಿದೆ. ಹಾಗಾಗಿ ಹೊಳೆಗೆ ಸಿಡಿಮದ್ದು ಹಾಕುವವರನ್ನು ತಡೆಯುವುದು, ಬೇಸಿಗೆಯಲ್ಲಿ ನೀರಿಳಿದಾಗ ಗಾಳ ಮುಟ್ಟದಿರುವುದು, ಮೀನನ್ನು ನೀರಲ್ಲೇ ಇಟ್ಟು ಕೊಕ್ಕೆ ಬಿಡಿಸುವುದು ಉಳಿದ ಕಂತುಗಳು. ಇಷ್ಟು ಮಾಡದವನಿಗೆ ಗಾಳ ಹಿಡಿಯುವ ಹಕ್ಕಿಲ್ಲ ಎಂದೇ ನನ್ನ ನಂಬಿಕೆ.